ಯಾರ ‘ನಮ್ಮ’? ಕನ್ನಡ ವೀಡಿಯೊಗಳ ಸಂಬೋಧನೆ ಮತ್ತು ಗಡಿಯಾಚೆಯ ನೋಡುಗರು

ಎಲ್ಲರಿಗೂ ನಮಸ್ಕಾರ. ಅಧ್ಯಾಪಕರಿಗೆ, ಸೊಲ್ಲಾಪುರ, ತಾಳವಾಡಿ, ಆದೋನಿ ಕಡೆಗಳಿಂದ ಸೇರಿಕೊಂಡಿರುವ ಸಹಪಾಠಿಗಳಿಗೆ, ಮತ್ತೆ ನಮ್ಮ ಕಾಸರಗೋಡಿನವರಿಗೆ. ಈಗ ‘ನಮ್ಮ ಕಾಸರಗೋಡಿನವರು’ ಅಂದೆನಲ್ಲ, ಇವತ್ತು ನಾನು ಮಾತಾಡ್ಲಿಕ್ಕಿರುವುದು ಆ ‘ನಮ್ಮ’ ಎಂಬ ಮಾತಿನ ಬಗ್ಗೆಯೇ.

ನನಗೆ ಕೊಟ್ಟ ವಿಷಯ, ಆನ್‌ಲೈನ್ ವೀಡಿಯೊ ಮಾಡುವವರು ತಮ್ಮ ಅಭಿಮಾನಿ ಬಳಗದ ಜೊತೆ ನಂಟು ಹೇಗೆ ಉಳಿಸಿಕೊಳ್ತಾರೆ ಅಂತ. ಈ ವಿಷಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸಲಕರಣೆಗಳ ಪಟ್ಟಿ ಕೊಡ್ತಾರೆ. ಯೂಟ್ಯೂಬಿನಲ್ಲಿ 2016ರಲ್ಲಿ ಕಮ್ಯುನಿಟಿ ಟ್ಯಾಬ್ ಬಂತು, 2017ರಲ್ಲಿ ಸೂಪರ್ ಚಾಟ್, 2018ರಲ್ಲಿ ತಿಂಗಳ ಹಣ ಕೊಟ್ಟು ಸೇರುವ ಸದಸ್ಯತ್ವ. ಕಮೆಂಟಿಗೆ ಹೃದಯದ ಗುರುತು ಒತ್ತಬಹುದು, ಒಂದನ್ನು ಮೇಲಕ್ಕೆ ಪಿನ್ ಮಾಡಬಹುದು. ವಾಟ್ಸ್ಆಪ್, ಇನ್‌ಸ್ಟಾಗ್ರಾಂಗಳ ಚಾನೆಲ್‌ಗಳು ಬೇರೆ ಇವೆ. ಇವುಗಳ ಬಗ್ಗೆ ನನಗೆ ಹೆಚ್ಚು ಹೇಳ್ಲಿಕ್ಕೆ ಇಲ್ಲ. ಹಣ ಕೊಟ್ಟವರ ಮಾತು ಬಣ್ಣದ ಪಟ್ಟಿಯಲ್ಲಿ ಮೇಲೆ ನಿಲ್ಲುವ ಸೂಪರ್ ಚಾಟ್ ಹೊಸತೇನಲ್ಲ, ಜಾತ್ರೆಯ ಮೈಕಿನಲ್ಲಿ ದೇಣಿಗೆ ಕೊಟ್ಟವರ ಹೆಸರು ಓದುವುದನ್ನು ಕೇಳಿ ಬೆಳೆದವರು ನಾವು. ನನ್ನ ಆಸಕ್ತಿ ಇರುವುದು ಇವೆಲ್ಲಕ್ಕಿಂತ ಮುಂಚಿನ ಒಂದು ಕ್ಷಣದಲ್ಲಿ. ವೀಡಿಯೊ ಶುರುವಾಗಿ ಮೊದಲ ಐದಾರು ಸೆಕೆಂಡಿನಲ್ಲಿ ಆ ಮನುಷ್ಯ ಯಾರನ್ನು ಕರೆದು ಮಾತಾಡ್ತಾನೆ? ನಂಟು ಆಗುವುದೂ ತಪ್ಪುವುದೂ ಬಹುಮಟ್ಟಿಗೆ ಅಲ್ಲೇ ಅಂತ ನನ್ನ ವಾದ.

ಒಂದು ವ್ಯಾಕರಣದ ವಿಷಯದಿಂದ ಹೊರಡ್ತೇನೆ. ನಮ್ಮ ಸುತ್ತಲಿನ ಭಾಷೆಗಳಲ್ಲಿ ‘ನಾವು’ ಎನ್ನಲಿಕ್ಕೆ ಎರಡೆರಡು ಮಾತುಗಳು ಉಂಟು. ಕೇಳುವವನನ್ನೂ ಸೇರಿಸಿಕೊಂಡ ‘ನಾವು’ ಒಂದು, ಅವನನ್ನು ಬಿಟ್ಟು ಹೇಳುವ ‘ನಾವು’ ಇನ್ನೊಂದು. ಮಲಯಾಳದಲ್ಲಿ ನಮ್ಮಳ್ ಮತ್ತು ಞಙ್ಙಳ್, ತಮಿಳಿನಲ್ಲಿ ನಾಮ್ ಮತ್ತು ನಾಂಗಳ್, ತೆಲುಗಿನಲ್ಲಿ ಮನಂ ಮತ್ತು ಮೇಮು, ಮರಾಠಿಯಲ್ಲಿ ಆಪಣ ಮತ್ತು ಆಮ್ಹಿ. ನಮ್ಮ ತುಳುವಿನಲ್ಲಿ ನಮ ಮತ್ತು ಎಂಕುಲು. ಇವತ್ತಿನ ಕನ್ನಡದಲ್ಲಿ ಮಾತ್ರ ಎರಡಕ್ಕೂ ‘ನಾವು’ ಒಂದೇ. ಬೆಂಗಳೂರಿನಲ್ಲಿ ಕುಳಿತವರಿಗೆ ಇದರಿಂದ ತೊಂದರೆ ಏನಿಲ್ಲ. ಆದರೆ ಈ ಗೋಷ್ಠಿಯಲ್ಲಿ ಇರುವ ಹೆಚ್ಚಿನವರು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಇನ್ನೊಂದು ಭಾಷೆ ಆಡುವವರು. ಹಾಗಾಗಿ ಒಂದು ಕನ್ನಡ ಚಾನೆಲ್ಲಿನವರು ‘ನಮ್ಮ ಸರ್ಕಾರ’, ‘ನಮ್ಮ ರಾಜ್ಯದ ರೈತರು’, ‘ನಮ್ಮ ಬಸ್ಸು’ ಅಂದ ಕೂಡಲೇ ನಮ್ಮ ಕಿವಿ ತಾನಾಗಿಯೇ ವಿಚಾರಿಸ್ತದೆ: ಇದು ನಮ್ಮದೋ, ಎಂಕುಲೆನದೋ? ನಾನು ಒಳಗೋ, ಹೊರಗೋ?

ಉತ್ತರ ಹೆಚ್ಚಾಗಿ ಮುಂದಿನ ವಾಕ್ಯದಲ್ಲೇ ಸಿಗ್ತದೆ. ‘ಸಮಸ್ತ ಕರ್ನಾಟಕದ ಜನತೆಗೆ ನಮಸ್ಕಾರ’ ಎಂಬ ಧಾಟಿಯ ಆರಂಭ ನೀವು ಎಷ್ಟು ಸಲ ಕೇಳಿದ್ದೀರಿ ಲೆಕ್ಕ ಹಾಕಿ. ಹೇಳುವವನಿಗೆ ಕೆಟ್ಟ ಉದ್ದೇಶ ಇಲ್ಲ. ಅವನ ಮನಸ್ಸಿನಲ್ಲಿ ಕನ್ನಡ ಮತ್ತು ಕರ್ನಾಟಕ ಒಂದೇ ವಸ್ತುವಿನ ಎರಡು ಹೆಸರು. ವೀಡಿಯೊ ಮಾತ್ರ ಮಂಜೇಶ್ವರದಲ್ಲೂ ಅಕ್ಕಲಕೋಟೆಯಲ್ಲೂ ಮಡಕಶಿರದಲ್ಲೂ ಓಡ್ತಾ ಇರ್ತದೆ. ಭಾಷೆ ಒಳಗೆ ಕರೆಯುತ್ತದೆ, ಸಂಬೋಧನೆ ಹೊಸಿಲಲ್ಲಿ ನಿಲ್ಲಿಸುತ್ತದೆ.

ಇದರ ಪರಿಣಾಮ ಕಮೆಂಟುಗಳಲ್ಲಿ ಕಾಣ್ತದೆ. ‘ನೀವು ಯಾವ ಜಿಲ್ಲೆಯಿಂದ ನೋಡ್ತಾ ಇದ್ದೀರಿ, ಕಮೆಂಟ್ ಮಾಡಿ’ ಅಂತ ಕೇಳುವುದು ಚಾನೆಲ್‌ಗಳು ಬಳಗವನ್ನು ಮಾತಾಡಿಸುವ ಅತ್ಯಂತ ಸುಲಭದ ಉಪಾಯ. ಮಂಡ್ಯದವನು ‘ಮಂಡ್ಯ’ ಅಂತ ಒಂದು ಶಬ್ದ ಹಾಕಿ ಹೋಗ್ತಾನೆ. ಜತ್ತದವನಿಗೆ ಒಂದು ಶಬ್ದ ಸಾಲುವುದಿಲ್ಲ. ಜತ್ತ, ಸಾಂಗಲಿ ಜಿಲ್ಲೆ, ಮಹಾರಾಷ್ಟ್ರ, ಆದರೆ ನಾವು ಕನ್ನಡದವರೇ, ನಮ್ಮ ಮನೆಮಾತು ಕನ್ನಡವೇ, ಅಂತ ಒಂದು ಅರ್ಜಿಯನ್ನೇ ಬರೆಯಬೇಕಾಗ್ತದೆ. ಆ ‘ಆದರೆ’ಯನ್ನು ಗಮನಿಸಿ. ಬೇರೆ ಯಾರೂ ‘ಆದರೆ’ ಹಾಕುವುದಿಲ್ಲ. ಕೆಲವರು ದೇವನಾಗರಿಯಲ್ಲಿ ಕನ್ನಡ ಬರೀತಾರೆ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ, ಯಾಕೆಂದರೆ ಶಾಲೆಯಲ್ಲಿ ಕಲಿತ ಅಕ್ಷರ ಬೇರೆ. ಇದಕ್ಕೆ ಚಾನೆಲ್ಲಿನವರ ಉತ್ತರ ಏನು? ಒಂದು ಹೃದಯ, ಮತ್ತೆ ‘ಅರೆ, ಕೇರಳದಿಂದಾನೂ ನಮ್ಮನ್ನು ನೋಡ್ತೀರಾ, ತುಂಬಾ ಖುಷಿ ಆಯ್ತು’ ಎಂಬ ಆಶ್ಚರ್ಯ. ಅದು ಪ್ರೀತಿಯ ಆಶ್ಚರ್ಯವೇ. ಆದರೆ ಆಶ್ಚರ್ಯ ಅತಿಥಿಯನ್ನು ಕಂಡಾಗ ಆಗುವುದು, ಮನೆಯವರನ್ನು ಕಂಡಾಗ ಅಲ್ಲ. ಕಾಸರಗೋಡಿನವರಿಗೆ ಇನ್ನೊಂದು ಪ್ರಶ್ನೆ ಎದುರಾಗುವುದುಂಟು, 2018ರಲ್ಲಿ ರಿಷಬ್ ಶೆಟ್ಟಿಯವರ ಸಿನಿಮಾ ಬಂದ ಮೇಲೆ: ‘ಓ, ಆ ಪಿಚ್ಚರಿನ ಕಾಸರಗೋಡಾ?’ ಇರಲಿ, ಹೆಸರಾದರೂ ಗೊತ್ತಾಯ್ತಲ್ಲ.

ಈ ಬಗೆಯ ನಂಟಿಗೆ ಶಾಸ್ತ್ರೀಯ ಹೆಸರು ಕೊಟ್ಟವರು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್. ರೇಡಿಯೊ, ಟೀವಿಯ ನಿರೂಪಕರು ನೇರ ಕ್ಯಾಮೆರಾ ನೋಡಿ ಮಾತಾಡಿ ನೋಡುಗರಲ್ಲಿ ಎದುರುಬದುರು ಪರಿಚಯದ ಭ್ರಮೆ ಹುಟ್ಟಿಸುವುದನ್ನು ಅವರು ‘ಪ್ಯಾರಾಸೋಷಿಯಲ್’ ಅಂತ ಕರೆದರು. ಪ್ರಬಂಧ ಬಂದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು ಎಂಬುದು ಬರೇ ಕಾಕತಾಳೀಯ, ಅದರ ಮೇಲೆ ನಾನು ಏನೂ ಕಟ್ಟುವುದಿಲ್ಲ. ಹಾರ್ಟನ್ ಮತ್ತು ವೋಲ್ ವಿವರಿಸಿದ್ದು ಒಮ್ಮುಖದ ನಂಟು: ಈಚೆಯವನಿಗೆ ಆಚೆಯವನು ಗೊತ್ತು, ಆಚೆಯವನಿಗೆ ಈಚೆಯವನು ಗೊತ್ತಿಲ್ಲ. ಆದರೆ ಅವರ ನಿರೂಪಕ ‘ನೀವು’ ಅಂದಾಗ ಕೇಳುವ ಪ್ರತಿಯೊಬ್ಬನೂ ಆ ‘ನೀವು’ ತಾನೇ ಎಂದು ತಿಳಿಯಲು ಅಡ್ಡಿ ಇಲ್ಲ. ನಮ್ಮ ಸಂದರ್ಭದಲ್ಲಿ ಭ್ರಮೆಗೂ ಅವಕಾಶ ಕಡಮೆ. ‘ಕರ್ನಾಟಕದ ಜನತೆ’ ಅಂದಾಗ ತಾಳವಾಡಿಯ ಹುಡುಗಿ ಅದು ತಾನೇ ಅಂತ ಭ್ರಮಿಸುವುದು ಹೇಗೆ?

ತಾಳವಾಡಿ ಅಂದ ಕೂಡಲೇ ಒಂದು ಹಳೆಯ ಸಂಬೋಧನೆಯನ್ನು ನೆನೆಯದೆ ಇರ್ಲಿಕ್ಕಾಗುವುದಿಲ್ಲ. ಕನ್ನಡದಲ್ಲಿ ಅಭಿಮಾನಿಯನ್ನು ಕರೆಯುವ ಅತ್ಯಂತ ದೊಡ್ಡ ಮಾತು ಡಾ. ರಾಜ್‌ಕುಮಾರ್ ಅವರದು, ‘ಅಭಿಮಾನಿ ದೇವರುಗಳೇ’. ಅವರ ಗಾಜನೂರಿನ ಮನೆ ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಸೀಮೆಯಲ್ಲಿ. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಅಪಹರಿಸಿದ್ದು ಆ ಮನೆಯಿಂದಲೇ. ಕನ್ನಡದ ಅಭಿಮಾನಿಗಳನ್ನೆಲ್ಲ ಒಟ್ಟಿಗೆ ಕರೆದ ಮನುಷ್ಯನ ಸ್ವಂತ ಮನೆ ಗಡಿಯ ಆಚೆಯದು. ಅವರ ಆ ಎರಡು ಶಬ್ದಗಳಲ್ಲಿ ರಾಜ್ಯದ ಹೆಸರಿಲ್ಲ. ಅದು ಬೇಕೆಂದೇ ಬಿಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಆ ಕರೆಗೆ ಓಗೊಡಲು ಯಾರೂ ತಮ್ಮ ಪಿನ್‌ಕೋಡ್ ನೋಡಿಕೊಳ್ಳಬೇಕಾಗಿರಲಿಲ್ಲ.

ಇವತ್ತಿನ ಯೂಟ್ಯೂಬಿನಲ್ಲಿ ಆ ಮಾತಿನ ವಾರಸುದಾರ ಡಾ. ಬ್ರೋ, ಅಂದರೆ ಗಗನ್ ಶ್ರೀನಿವಾಸ್. ಅವರ ‘ನಮಸ್ಕಾರ ದೇವ್ರು’ ಈಗ ಮಕ್ಕಳ ಬಾಯಲ್ಲೂ ಉಂಟು. ‘ದೇವರುಗಳೇ’ ಅನ್ನುವ ವೇದಿಕೆಯ ಬಹುವಚನ ಅಲ್ಲಿ ಬೀದಿಯಲ್ಲಿ ಸಿಕ್ಕ ಗೆಳೆಯನನ್ನು ಕರೆಯುವ ‘ದೇವ್ರು’ ಆಗಿದೆ. ನಾನು ಇದನ್ನು ಒಳ್ಳೆಯ ಸಂಬೋಧನೆ ಅಂತ ಎಣಿಸ್ತೇನೆ. ದೇವರಿಗೆ ಜಿಲ್ಲೆ ಇಲ್ಲ. ದೇಶದೇಶ ಸುತ್ತುವ ಆ ವೀಡಿಯೊಗಳಲ್ಲಿ ಹೇಳುವವನೂ ಮನೆಯಿಂದ ದೂರ ಇರ್ತಾನೆ. ಎಲ್ಲೋ ಪರದೇಶದ ಸಂತೆಯಲ್ಲಿ ನಿಂತು ಕನ್ನಡ ಆಡುವವನಿಗೆ ಸುತ್ತ ಬೇರೆ ಭಾಷೆ ಇರುವುದು ಸಹಜ. ಅದು ಉಪ್ಪಳದ ಅಥವಾ ಹೊಸೂರಿನ ಕನ್ನಡಿಗನಿಗೆ ದಿನನಿತ್ಯದ ಅನುಭವ. ರಾಜ್ಯದ ಒಳಗೇ ತಿರುಗುವ ಎಷ್ಟೋ ಚಾನೆಲ್‌ಗಳಿಗಿಂತ ಇದು ನಮಗೆ ಹತ್ತಿರ ಅನಿಸುವುದು ಆ ಕಾರಣಕ್ಕೆ ಇರಬೇಕು.

ಆದರೆ ‘ದೇವ್ರು’ ಎಂಬ ಸಂಬೋಧನೆಗೂ ಒಂದು ಮಿತಿ ಉಂಟು. ದೇವರು ನೋಡಬೇಕು, ಮೆಚ್ಚಬೇಕು, ಹರಸಬೇಕು. ದೇವರಿಗೆ ಕೆಲಸ ಕೊಡುವ ಹಾಗಿಲ್ಲ. ಲೈಕ್, ಶೇರ್, ಸಬ್‌ಸ್ಕ್ರೈಬ್ ಬಿಟ್ಟರೆ ನೋಡುಗ ಮಾಡಬಹುದಾದ್ದು ಬೇರೇನೂ ಇಲ್ಲ. ಮತ್ತೆ ಒಬ್ಬ ದೇವರಿಗೂ ಇನ್ನೊಬ್ಬ ದೇವರಿಗೂ ಪರಿಚಯ ಆಗುವುದಿಲ್ಲ. ಎಲ್ಲ ಎಳೆಗಳೂ ನಡುವಿನ ಒಬ್ಬನಿಗೆ ಕಟ್ಟಿದವು. ಅವನು ಒಂದು ತಿಂಗಳು ವೀಡಿಯೊ ಹಾಕದಿದ್ದರೆ ಬಳಗ ಅನ್ನುವುದೇ ಇಲ್ಲ.

ಇದಕ್ಕೆ ತೀರಾ ಬೇರೆಯ ಒಂದು ಉದಾಹರಣೆ ಅಮೆರಿಕದ್ದು. ಜಾನ್ ಗ್ರೀನ್ ಮತ್ತು ಹ್ಯಾಂಕ್ ಗ್ರೀನ್ ಎಂಬ ಅಣ್ಣತಮ್ಮ, ಅಣ್ಣ ಕಾದಂಬರಿಕಾರ, 2007ರ ಜನವರಿ 1ರಂದು ಒಂದು ಒಪ್ಪಂದ ಮಾಡಿಕೊಂಡರು. ಒಂದು ವರ್ಷ ಇಬ್ಬರ ನಡುವೆ ಇಮೇಲ್, ಮೆಸೇಜ್ ಯಾವುದೂ ಇಲ್ಲ. ಸರದಿಯಂತೆ ಒಬ್ಬರಿಗೊಬ್ಬರು ವೀಡಿಯೊ ಕಳಿಸಬೇಕು. ಅದನ್ನು ಯೂಟ್ಯೂಬಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರು. ವ್ಲಾಗ್‌ಬ್ರದರ್ಸ್ ಎಂಬ ಆ ಚಾನೆಲ್ಲಿನ ಸಂಬೋಧನೆಯನ್ನು ಗಮನಿಸಿ. ಜಾನ್ ‘ಗುಡ್ ಮಾರ್ನಿಂಗ್ ಹ್ಯಾಂಕ್’ ಅಂತ ಶುರು ಮಾಡ್ತಾರೆ, ಹ್ಯಾಂಕ್ ‘ಗುಡ್ ಮಾರ್ನಿಂಗ್ ಜಾನ್’ ಅಂತ. ನೋಡುಗರನ್ನು ಅವರು ಕರೆಯುವುದೇ ಇಲ್ಲ! ನಾವು ಕೇಳಿಸಿಕೊಳ್ಳುವವರು ಅಷ್ಟೆ. ಹಾಗಿದ್ದೂ, ಅಥವಾ ಹಾಗಿದ್ದದ್ದರಿಂದಲೇ, ಅಲ್ಲಿ ಹುಟ್ಟಿದ ಬಳಗ ಇವತ್ತಿಗೂ ಉಂಟು.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ. ಬೇರೆ ಸೀಮೆಯ ಸಹಪಾಠಿಗಳಿಗಾಗಿ ಎರಡು ಮಾತು: ಅದು ಯಕ್ಷಗಾನದ ವೇಷ, ಕುಣಿತ ಇಲ್ಲದ ರೂಪ. ಭಾಗವತರು ಪ್ರಸಂಗದ ಪದ ಹಾಡ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ಆಶುವಾಗಿ ಮಾತಾಡ್ತಾರೆ. ಕೃಷ್ಣ ಮಾತಾಡುವುದು ಕೌರವನ ಹತ್ತಿರ, ವಾಲಿ ಮಾತಾಡುವುದು ರಾಮನ ಹತ್ತಿರ. ಸಭೆಯನ್ನು ಉದ್ದೇಶಿಸಿ ಯಾರೂ ‘ಪ್ರಿಯ ಸಭಿಕರೇ’ ಅನ್ನುವುದಿಲ್ಲ. ಆದರೆ ಪ್ರತಿ ಮಾತೂ ಸಭೆಗೆ ತಲಪಲಿಕ್ಕೇ ಇರುವುದು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನು ಧ್ವನಿಮುದ್ರಣದಲ್ಲಿ ಕೇಳಿದವರಿಗೂ ತಾನು ಆ ಸಭೆಯಲ್ಲಿ ಕುಳಿತಿದ್ದೇನೆ ಅನಿಸ್ತದೆ, ಯಾಕೆಂದರೆ ‘ಮಂಗಳೂರಿನ ಮಹಾಜನರೇ’ ಅಂತ ಕರೆದು ಬೇರೆಯವರನ್ನು ಹೊರಗೆ ನಿಲ್ಲಿಸುವ ಮಾತು ಪಾತ್ರದ ಬಾಯಲ್ಲಿ ಬರುವುದಿಲ್ಲ. ಇನ್ನೊಂದು ಸಂಗತಿ, ಹಳ್ಳಿಯ ಸಂಘಗಳಲ್ಲಿ ಇವತ್ತು ಕೆಳಗೆ ಕುಳಿತು ಕೇಳಿದವನು ಮುಂದಿನ ವಾರ ಸಣ್ಣ ಪಾತ್ರಕ್ಕೆ ಅರ್ಥ ಹೇಳ್ಲಿಕ್ಕೆ ಮೇಲೆ ಕುಳಿತುಕೊಳ್ಳಬಹುದು. ಕೇಳುವುದು ಮತ್ತು ಮಾಡುವುದರ ನಡುವೆ ಬೇಲಿ ಎತ್ತರ ಇಲ್ಲ.

ಗ್ರೀನ್ ಸಹೋದರರ ಬಳಗದಲ್ಲೂ ಆದದ್ದು ಇದೇ. ಮೊದಲ ವರ್ಷವೇ ಅಣ್ಣ ಒಂದು ವಿಮಾನ ನಿಲ್ದಾಣದಲ್ಲಿ ‘ಏರೋ ಫೈಟರ್ಸ್’ ಎಂಬ ವೀಡಿಯೊ ಗೇಮಿನ ಹೆಸರನ್ನು ‘ನರ್ಡ್ ಫೈಟರ್ಸ್’ ಅಂತ ತಪ್ಪಾಗಿ ಓದಿದರು. ನೋಡುಗರು ಅದನ್ನೇ ತಮ್ಮ ಹೆಸರು ಮಾಡಿಕೊಂಡರು. 2007ರ ಡಿಸೆಂಬರಿನಲ್ಲಿ ನೋಡುಗರೆಲ್ಲ ಒಂದೇ ಹೊತ್ತಿಗೆ ತಮಗೆ ಇಷ್ಟದ ಸೇವಾಸಂಸ್ಥೆಯ ಬಗ್ಗೆ ತಾವೇ ವೀಡಿಯೊ ಮಾಡಿ, ಒಬ್ಬರ ವೀಡಿಯೊಗೆ ಇನ್ನೊಬ್ಬರು ಕಮೆಂಟ್ ಹಾಕಿ ಯೂಟ್ಯೂಬಿನ ಮುಖಪುಟಕ್ಕೆ ಏರಿಸಿದರು. ‘ಪ್ರಾಜೆಕ್ಟ್ ಫಾರ್ ಆಸಮ್’ ಎಂಬ ಆ ಕಾರ್ಯಕ್ರಮ ಆಮೇಲೆ ವರ್ಷಂಪ್ರತಿ ನಡೆಯಿತು. ಅಲ್ಲಿ ಎಳೆಗಳು ನಡುವಿನ ಇಬ್ಬರಿಗೆ ಮಾತ್ರ ಕಟ್ಟಿದವಲ್ಲ, ಅಡ್ಡಡ್ಡವೂ ಹಾದುಹೋದವು.

2023ರ ಒಂದು ಘಟನೆಗೆ ಭಾರತದ ನಂಟೂ ಉಂಟು. ಔಷಧಕ್ಕೆ ಬಗ್ಗದ ಕ್ಷಯರೋಗಕ್ಕೆ ಕೊಡುವ ಬೆಡಾಕ್ವಿಲಿನ್ ಎಂಬ ಮಾತ್ರೆಯ ಮೇಲೆ ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿಯ ಮೂಲ ಪೇಟೆಂಟ್ ಆ ವರ್ಷ ಜುಲೈಯಲ್ಲಿ ಮುಗಿಯುವುದಿತ್ತು. ಎರಡನೆಯ ಪೇಟೆಂಟಿನ ಮೂಲಕ ಕಂಪನಿ ಅದನ್ನು ಮುಂದುವರಿಸಲು ನೋಡಿತು. ನಂದಿತಾ ವೆಂಕಟೇಶನ್ ಮತ್ತು ಫುಮೇಜಾ ಟಿಸಿಲೆ ಎಂಬ, ತಾವೇ ಕ್ಷಯದಿಂದ ಗುಣವಾದ ಇಬ್ಬರು ಸಲ್ಲಿಸಿದ ಆಕ್ಷೇಪದ ಮೇಲೆ ಭಾರತದ ಪೇಟೆಂಟ್ ಕಚೇರಿ ಮಾರ್ಚಿನಲ್ಲೇ ಅದನ್ನು ತಿರಸ್ಕರಿಸಿತ್ತು. ಜುಲೈಯಲ್ಲಿ ಜಾನ್ ಗ್ರೀನ್ ಈ ಬಗ್ಗೆ ಒಂದು ವೀಡಿಯೊ ಮಾಡಿದರು. ಬಳಗದವರು ಕಂಪನಿಗೆ ಎಲ್ಲ ಕಡೆಯಿಂದ ಪ್ರಶ್ನೆ ಕೇಳಲು ಶುರು ಮಾಡಿದರು. ಕೆಲವೇ ದಿನಗಳಲ್ಲಿ, ಬಹಳ ದೇಶಗಳಿಗೆ ಜೆನೆರಿಕ್ ಮಾತ್ರೆ ಪೂರೈಸಲು ದಾರಿಯಾಗುವ ಒಪ್ಪಂದ ಪ್ರಕಟವಾಯಿತು. ಸೆಪ್ಟೆಂಬರಿನಲ್ಲಿ ಕ್ಷಯ ಪರೀಕ್ಷೆಯ ಕಾರ್ಟ್ರಿಜ್ ಬಗ್ಗೆ ಇಂಥದೇ ಒತ್ತಾಯ ನಡೆದು ಬೆಲೆ 9.98 ಡಾಲರಿನಿಂದ 7.97ಕ್ಕೆ ಇಳಿಯಿತು. ಇದನ್ನು ಅಭಿಮಾನಿಗಳ ಗೆಲುವು ಅಂತ ಮಾತ್ರ ಹೇಳುವುದು ಸರಿಯಲ್ಲ. ರೋಗಿಗಳ ಸಂಘಟನೆಗಳು, ವೈದ್ಯರು ವರ್ಷಗಟ್ಟಲೆ ಹೊತ್ತ ಕಲ್ಲಿಗೆ ಕೊನೆಯಲ್ಲಿ ಬಳಗವೂ ಕೈ ಕೊಟ್ಟಿತು. ಆದರೆ ಅಭಿಮಾನಿಗೆ ದೇವರ ಸ್ಥಾನ ಕೊಡುವುದಕ್ಕಿಂತ ಆಳಿನ ಸ್ಥಾನ ಕೊಡುವುದು ಹೆಚ್ಚು ಮರ್ಯಾದೆಯದ್ದು ಅಂತ ನನಗೆ ಅನಿಸಿದ್ದು ಈ ಪ್ರಕರಣ ಓದುವಾಗಲೇ.

ಈ ಬಳಗವನ್ನು ಆದರ್ಶ ಮಾಡಿ ಕೂರಿಸುವುದೂ ಬೇಡ. 2014ರಲ್ಲಿ ಇದೇ ವಲಯದ ಕೆಲವು ಹಾಡುಗಾರ ಯೂಟ್ಯೂಬರ್‌ಗಳ ಮೇಲೆ, ಎಳೆಯ ಅಭಿಮಾನಿಗಳ ಸಲುಗೆಯನ್ನು ದುರುಪಯೋಗ ಮಾಡಿದರು ಎಂಬ ಆರೋಪಗಳು ಬಂದವು. ಹ್ಯಾಂಕ್ ಗ್ರೀನ್ ಅವರ ರೆಕಾರ್ಡ್ ಕಂಪನಿ ಅಂಥವರ ಸಂಬಂಧ ಕಡಿದುಕೊಂಡಿತು. ‘ನಾವೆಲ್ಲ ಗೆಳೆಯರು’ ಎಂಬ ಧಾಟಿ ಒಂದು ಕಡೆಯವನ ಕೈಯಲ್ಲಿ ಇರುವ ಬಲವನ್ನು ಮರೆಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ನಮ್ಮಲ್ಲಿ ‘ಅಣ್ಣ’, ‘ಅಕ್ಕ’ ಎಂಬ ನೆಂಟಸ್ತಿಕೆಯ ಮಾತು ಎಷ್ಟು ಸಲೀಸಾಗಿ ಬರ್ತದೋ ಅಷ್ಟೇ ಎಚ್ಚರವೂ ಬೇಕು. ಅದು ಇನ್ನೊಂದು ಪ್ರಬಂಧದ ವಿಷಯ.

ನಮಗೆ ನೇರವಾಗಿ ನಷ್ಟವಾದ ಒಂದು ವಿಷಯ ಹೇಳಿ ಮಾತು ನಿಲ್ಲಿಸ್ತೇನೆ. ಯೂಟ್ಯೂಬಿನಲ್ಲಿ ಹಿಂದೆ ಚಾನೆಲ್ಲಿನವರು ಅನುಮತಿ ಕೊಟ್ಟರೆ ನೋಡುಗರೇ ಅಡಿಬರಹ ಬರೆದು ಸೇರಿಸಬಹುದಿತ್ತು, ಯಾವ ಭಾಷೆಯಲ್ಲಾದರೂ. ಬಳಸುವವರು ಕಡಮೆ, ದುರುಪಯೋಗ ಆಗ್ತದೆ ಅಂತ ಕಾರಣ ಕೊಟ್ಟು 2020ರ ಸೆಪ್ಟೆಂಬರಿನಲ್ಲಿ ಅದನ್ನು ನಿಲ್ಲಿಸಿದರು. ಕಿವಿ ಕೇಳದವರು ಆಗ ದೊಡ್ಡದಾಗಿ ಪ್ರತಿಭಟಿಸಿದರು, ನ್ಯಾಯವಾಗಿಯೇ. ಗಡಿಯ ಕನ್ನಡಿಗರು ಏನೂ ಅನ್ನಲಿಲ್ಲ, ಯಾಕೆಂದರೆ ಅದು ನಮ್ಮದೂ ಆಗಬಹುದಾಗಿತ್ತು ಅಂತ ನಮಗೇ ಹೊಳೆದಿರಲಿಲ್ಲ. ಕಿವಿಗೆ ಕನ್ನಡ ಉಂಟು, ಕಣ್ಣಿಗೆ ಇಲ್ಲ ಎಂಬಂಥ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೀತಾ ಇದ್ದಾರೆ. ಅಂಥವರಿಗಾಗಿ ಒಂದು ಕನ್ನಡ ವೀಡಿಯೊಗೆ ಕಾಸರಗೋಡಿನವನು ಮಲಯಾಳದಲ್ಲಿ, ಅಕ್ಕಲಕೋಟೆಯವಳು ಮರಾಠಿಯಲ್ಲಿ, ರಾಯದುರ್ಗದವನು ತೆಲುಗಿನಲ್ಲಿ ಸಾಲು ಹಾಕಿದ್ದರೆ? ಕನ್ನಡ ಚಾನೆಲ್ಲುಗಳಿಗೆ ಗಡಿಯವರಷ್ಟು ಚೆನ್ನಾಗಿ ಈ ಕೆಲಸ ಮಾಡಿಕೊಡುವವರು ಬೇರೆ ಯಾರಿದ್ದಾರೆ? ಈಗಲೂ ಚಾನೆಲ್ಲಿನವರು ಕೇಳಿದರೆ ಅಡಿಬರಹದ ಫೈಲು ಬರೆದು ಕಳಿಸಬಹುದು. ಆದರೆ ಕೇಳಬೇಕಲ್ಲ.

[ಪ್ರಶ್ನೋತ್ತರದಿಂದ]

ಸೊಲ್ಲಾಪುರದಿಂದ ಸೇರಿದ ಸಹಪಾಠಿ: ನೀವು ಹೇಳಿದ್ದು ಖರೆ ಅದರೀ. ಆದ್ರ ನಮ್ಮ ಕಡೆ ಹುಡುಗ್ರೂ ಈಗ ಚಾನೆಲ್ ಮಾಡ್ಯಾರ. ಅವರು ಏನಂತ ಕರೀಬೇಕು? ‘ಮಹಾರಾಷ್ಟ್ರದ ಕನ್ನಡಿಗರೇ’ ಅಂದ್ರ ಸರಿ ಅಕ್ಕೈತೇನ್ರೀ?

ಹಾಗೆ ಕರೆದರೆ ಗದಗದವನಿಗೂ ತಾಳವಾಡಿಯವಳಿಗೂ ಅದು ತಮ್ಮದಲ್ಲ ಅನಿಸ್ತದೆ. ಕರ್ನಾಟಕದವರು ನಮಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡಿದ ಹಾಗಾಯ್ತು. ನನ್ನ ಕೇಳಿದರೆ ಕರೆಯುವ ಮಾತಿನ ಮೇಲೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಕೇಳುವ ಪ್ರಶ್ನೆ ಬದಲಾಯಿಸಬಹುದು. ‘ನಿಮ್ಮ ಜಿಲ್ಲೆ ಯಾವುದು’ ಅಂತ ಕೇಳುವ ಬದಲು ಒಂದು ವಸ್ತು ತೋರಿಸಿ ‘ನಿಮ್ಮ ಕಡೆ ಇದಕ್ಕೆ ಏನಂತೀರಿ’ ಅಂತ ಕೇಳಿ. ನೀವು ಈಗ ‘ಅಕ್ಕೈತೇನ್ರೀ’ ಅಂದಿರಿ, ನಾನಾದರೆ ‘ಆಗ್ತದಾ’ ಅಂತೇನೆ. ಅಂಥ ಪ್ರಶ್ನೆಗೆ ಜತ್ತದವನು ‘ಆದರೆ’ ಹಾಕದೆ ಉತ್ತರ ಬರೀತಾನೆ. ಮಂಡ್ಯದವನು ಬಂದು, ಅದು ಏನು ಶಬ್ದ ಅಂತ ಅವನ ಹತ್ತಿರವೇ ಕೇಳ್ತಾನೆ. ಆಮೇಲೆ ಚಾನೆಲ್ಲಿನವರು ನಡುವೆ ಇಲ್ಲದಿದ್ದರೂ ನಡೀತದೆ.